ಮುತ್ತಕ್ಕನ ಕಾಲಿಗೆ ಬಿದ್ದ ಗಂಟು

ಭೂತ, ಗಾಳಿ, ಸೋಂಕು ಇಂಥದ್ದನ್ನೆಲ್ಲ ನಂಬುವ ಜನ ನಾನಲ್ಲ. ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು ಯಾರಾದರೂ ಅಂಥ ಕಥೆ ಶುರು ಮಾಡಿದರೆ, "ಚಾ ಕುಡ್ದಾಯ್ತಲ್ಲ, ಇನ್ನ್ ಏಳಿ" ಎಂದು ಎಬ್ಬಿಸಿ ಕಳಿಸಿದವ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತದ್ದಕ್ಕೆ ನನಗೇ ನಾಚಿಕೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು. ಅಕ್ಷರದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆದಿದ್ದೇನೆ.

ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದೆ. ಆಮೇಲೆ ಪಾರ್ಸೆಲ್ ಕಟ್ಟುವ ಕೆಲಸ. ಬಾಳೆಲೆ, ಅದರ ಹೊರಗೆ ಪೇಪರು, ಅದಕ್ಕೆ ಎರಡು ಸುತ್ತು ದಾರ. ನಾನು ಎಡಗೈಯವ. ದಾರದ ತುದಿಯನ್ನು ಎಡಗೈ ಹೆಬ್ಬೆರಳಿನಿಂದ ತಿರುವಿ ಕೆಳಗಿನಿಂದ ತೂರಿಸಿ ಒಂದು ಕುಣಿಕೆ ಬಿಡುತ್ತಿದ್ದೆ. ಎಷ್ಟು ಅಲ್ಲಾಡಿಸಿದರೂ ಬಿಚ್ಚಿಕೊಳ್ಳದು, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಉಳಿದವರು ಕಲಿಯಲು ನೋಡಿದರು, ಬಲಗೈಯವರಿಗೆ ಅದು ಕೂರುತ್ತಿರಲಿಲ್ಲ. ಹತ್ತು ವರ್ಷ ದುಡಿದು ಊರಿಗೆ ಬಂದು ತಲ್ಲೂರಲ್ಲಿ ಹೆದ್ದಾರಿ ಬದಿಗೆ ನನ್ನದೇ ಸಣ್ಣ ಹೋಟೆಲು ಹಾಕಿದೆ. ಯಾರ ಹಂಗಿನಲ್ಲೂ ಬದುಕಿದವನಲ್ಲ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಒಂದು ದಿನ ಒಬ್ಬರು ರಿಟಾಯರ್ಡ್ ನರ್ಸು ಬಂದು ಎಳೆ ಬಾಳೆಲೆ ಕೇಳಿದರು. ನಾವು ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಸ್ಸಲ್ಲಿ ತಿರುಗಿ, ಆಸ್ಪತ್ರೆಗೆ ಹೋಗಲು ಗತಿಯಿಲ್ಲದವರ ಸುಟ್ಟ ಗಾಯ, ಕೊಳೆತ ಗಾಯಗಳಿಗೆ ಧರ್ಮಕ್ಕೆ ಮದ್ದು ಹಾಕುತ್ತಿದ್ದರು. ಸುಟ್ಟ ಗಾಯಕ್ಕೆ ಬಟ್ಟೆ ಅಂಟಿಕೊಳ್ಳುತ್ತದೆ, ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಹಬೆಯಲ್ಲಿ ಬೇಯಿಸಿದ ಎಳೆ ಎಲೆ ಅಂಟುವುದಿಲ್ಲವಂತೆ. ಎಲೆ ಕೊಟ್ಟು ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ನಾನೂ ಬರುತ್ತೇನೆ ಎಂದೆ. ನನ್ನ ಇಡ್ಲಿ ಪಾತ್ರೆಗಳಲ್ಲಿ ಒಂದನ್ನು ಎಲೆ ಬೇಯಿಸಲಿಕ್ಕೇ ಬೇರೆ ತೆಗೆದಿಟ್ಟೆ.

ಮೊದಲ ದಿನವೇ, ಸಿಸ್ಟರ್ ಜೊತೆ ಸಹಾಯಕ್ಕೆ ಬಂದಿದ್ದ ಕಾಲೇಜು ಕಲಿತ ಇಬ್ಬರು ಗಾಯ ನೋಡಿ ತಲೆ ತಿರುಗಿ ಬಿದ್ದರು. ನಾನು ಬೇಸಿನ್ ಹಿಡಿದು ನಿಂತೇ ಇದ್ದೆ. ನನ್ನ ಗಂಟು ನೋಡಿ ಸಿಸ್ಟರ್, "ಇದೆಂತ, ಕಾಲ್ ಕಟ್ಟಿದ್ದಾ, ಮಸಾಲೆದೋಸೆ ಪಾರ್ಸೆಲ್ಲಾ?" ಎಂದು ನಕ್ಕರು. ಆದರೆ ಅದು ಜಾರುವುದಿಲ್ಲವೆಂದು ಗೊತ್ತಾದ ಮೇಲೆ ಕಟ್ಟುವ ಕೆಲಸ ನನಗೇ ಬಿಟ್ಟರು. "ನಿಂಗೆ ಹೇಸ್ಗಿ ಅಂಬುದೇ ಇಲ್ಲೆ ಮಾರಾಯ" ಎಂದು ಎಲ್ಲರ ಎದುರು ಹೇಳಿದರು. ನಾನು ಉಬ್ಬಿದೆ.

ನಿಜ ಹೇಳುತ್ತೇನೆ, ನನಗೆ ಹೇಸಿಗೆ ಇತ್ತು. ಎಲ್ಲರಿಗಿಂತ ಹೆಚ್ಚೇ ಇತ್ತು. ಕೀವು ಕಂಡರೆ ನನ್ನ ಬಾಯಲ್ಲಿ ನೀರೂರಿ ಹೊಟ್ಟೆ ಮೇಲೆ ಬರುತ್ತಿತ್ತು. ಹಲ್ಲು ಕಚ್ಚಿ ನಿಲ್ಲುತ್ತಿದ್ದೆ, ಅಷ್ಟೇ. ಮನೆಗೆ ಬಂದು ಮೊಸರನ್ನ ನೋಡಿದರೆ ಅದೇ ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದೆ. ಒಮ್ಮೆ ಹೊಗಳಿಸಿಕೊಂಡವ ಆಮೇಲೆ ಆಗುವುದಿಲ್ಲ ಎನ್ನುವುದು ಹೇಗೆ?

ಕೋಡಿಯ ಮುತ್ತಕ್ಕನ ಗಾಯ ಆ ಎಲ್ಲವನ್ನೂ ಮೀರಿಸಿತು. ಅರುವತ್ತು ದಾಟಿದ ಹೆಂಗಸು, ಹಗಲೆಲ್ಲ ಮೀನಿನ ಕೆಲಸಕ್ಕೆ ಹೋಗುವ ಸೊಸೆಯ ಜೊತೆ ಇದ್ದರು. ಕುದಿಯುವ ಗಂಜಿಯ ಪಾತ್ರೆ ಕೈ ಜಾರಿ ಮೊಣಕಾಲಿನಿಂದ ಪಾದದವರೆಗೆ ಬೆಂದಿತ್ತು. ಸಕ್ಕರೆ ಕಾಯಿಲೆ ಬೇರೆ. ಯಾರೋ ಶಾಯಿ ಸುರಿದಿದ್ದರು, ಇನ್ಯಾರೋ ಸುಣ್ಣದ ತಿಳಿ, ಮತ್ಯಾರೋ ಬೂದಿ. ನಾವು ಹೋಗುವ ಹೊತ್ತಿಗೆ ಅದೆಲ್ಲ ಸೇರಿ ಕಪ್ಪು ಹಕ್ಕಳೆಯಾಗಿ, ಅದರಡಿಯಿಂದ ಹಸಿರು ಕೀವು ಜಿನುಗುತ್ತಿತ್ತು. ಹಕ್ಕಳೆ ಎತ್ತಿದರೆ ಅಕ್ಕಿಯ ಹಾಗೆ ಬಿಳಿ ಹುಳ. ಸುತ್ತಲೂ ಮೀನು ಒಣಹಾಕುವ ಜಾಗ. ಆ ವಾಸನೆ ನನಗೆ ಏನೂ ಅಲ್ಲ, ಅದರಲ್ಲೇ ಬೆಳೆದವ. ಇದು ಬೇರೆ. ಸಿಹಿ ಸಿಹಿಯಾಗಿ ಗಂಟಲಿಗೆ ಇಳಿದು ಅಲ್ಲೇ ಕೂರುವಂಥದ್ದು. ನಾನು ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿ, ಮುಖ ಆಚೆ ತಿರುಗಿಸಿ ಕೆಲಸ ಮಾಡುತ್ತಿದ್ದೆ.

"ಹೋಟ್ಲಿನವ್ರೆ, ಗಾಯ ಈಚಿ ಬದಿಗಿತ್ತ್. ನೀವ್ ಮಾಡ್ ಕಾಂತ್ರಿ" ಎಂದು, ನಾನು ಮಾಡಿನ ಹೆಂಚು ನೋಡುವುದನ್ನು ಕಂಡು ಮುತ್ತಕ್ಕ ತಮಾಷೆ ಮಾಡುತ್ತಿದ್ದರು. ನಾನು ಮಾತಾಡುತ್ತಿರಲಿಲ್ಲ. ಬಾಯಿ ತೆರೆದರೆ ಆ ವಾಸನೆ ಒಳಗೆ ಹೋದೀತು.

ಭಾನುವಾರ ಸಿಸ್ಟರ್ ಬರುವುದು, ಬುಧವಾರ ನಾನೊಬ್ಬನೇ ಹೋಗಿ ಬಿಚ್ಚಿ ಕಟ್ಟುವುದು ಎಂದಾಗಿತ್ತು. ಒಂದು ಸಲ ತಪ್ಪಿದರೂ ಕೀವು ಎಲುಬಿಗೆ ಇಳಿದು ಕಾಲು ತೆಗೆಯಬೇಕಾದೀತು ಎಂದು ಅವರು ಮೊದಲೇ ಎಚ್ಚರಿಸಿದ್ದರು.

ಮೂರನೇ ಬುಧವಾರ ಬೇಯಿಸಿದ ಎಲೆಯ ಡಬ್ಬಿ ಹಿಡಿದು ಸ್ಕೂಟರಲ್ಲಿ ಹೋದೆ. ಅವರ ಮನೆಯ ಬೇಲಿ ಕಾಣುವ ತಿರುವಿನಲ್ಲಿ ಗಾಳಿ ಈಚೆ ಬೀಸಿತು. ಆ ವಾಸನೆ ಬಂತು. ಸ್ಕೂಟರು ನಿಲ್ಲಿಸಿ ಅಲ್ಲೇ ಕಾರಿಕೊಂಡೆ. ಬಾಯಿ ಒರೆಸಿಕೊಂಡೆ, ಸ್ಕೂಟರು ತಿರುಗಿಸಿದೆ. ಎಲೆಯ ಡಬ್ಬಿಯನ್ನು ದಾರಿಯಲ್ಲಿ ಹೊಳೆಗೆ ಎಸೆದೆ.

ಸಂಜೆ ಸಿಸ್ಟರ್ ಬೈಂದೂರಿನಿಂದ ಹೋಟೆಲಿಗೆ ಫೋನು ಮಾಡಿದರು. ಮನೆಗೆ ಬೀಗ ಹಾಕಿತ್ತು ಎಂದುಬಿಟ್ಟೆ.

"ಕಾಲ್ ಊರೂಕೆ ಆಗದವ್ರ್ ಎಲ್ಲಿಗ್ ಹೋಪುದಾ?"

"ಮಗಳ ಮನೆಗೆ ಹೋಗಿರಬಹುದು ಸಿಸ್ಟರ್."

ಅವರು, "ನಂಗೆ ಶನಿವಾರದ್ ತನ್ಕ ಇಲ್ಲಿಂದ ಏಳೂಕಾತಿಲ್ಲೆ. ನಾಳೆ ಮತ್ತೊಂದ್ಸಲ ಹೋಯಿ ಕಾಣ್" ಎಂದು ಫೋನಿಟ್ಟರು.

ಗುರುವಾರ ಬೆಳಿಗ್ಗೆ ನಾನು ಕೋಡಿಗೆ ಹೋಗಲಿಲ್ಲ. ಐದಕ್ಕೆ ಎದ್ದು ಹಿಟ್ಟಿಗೆ ಕೈ ಹಾಕಿದಾಗಲೇ ಆ ವಾಸನೆ ಶುರುವಾಯಿತು. ನನ್ನ ಕೈಯಿಂದಲೇ ಬರುತ್ತಿತ್ತು. ಸಾಬೂನು ಹಾಕಿದೆ, ಹುಣಸೆಹುಳಿ ತಿಕ್ಕಿದೆ, ನಿಂಬೆ ಹಿಂಡಿದೆ. ವಾಸನೆ ಹೋಗಲಿಲ್ಲ. ಒಂಬತ್ತು ಗಂಟೆಗೂ ಹಿತ್ತಿಲ ನಳದ ಕೆಳಗೆ ಬೂದಿ ಹಾಕಿ ಉಜ್ಜುತ್ತಿದ್ದೆ. ಹೋಟೆಲಿನಲ್ಲಿ ಜೊತೆಗಿದ್ದ ಹೆಂಡತಿಯ ತಮ್ಮನನ್ನು ಕರೆದು ಕೈ ಮೂಸಿ ನೋಡಲು ಹೇಳಿದೆ.

"ಸಾಬೂನ್ ಪರ್ಮಳ ಘಮ್ಮ ಅಂತಿತ್ತ್ ಭಾವ. ಎಂತ, ಮತ್ತೊಂದ್ ಹೆಣ್ಣ್ ಕಾಂಬುಕೆ ಹೊರಟ್ರ್ಯಾ?" ಎಂದು ನಗಾಡಿದ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕಲು ಹೋದೆ. ಎಲೆ ಬಿಡಿಸಿದ್ದೇ ಆ ನಾತ ಮುಖಕ್ಕೆ ಹೊಡೆಯಿತು. ಗಿರಾಕಿ ಅದೇ ಎಲೆಗೆ ನೀರು ಚಿಮುಕಿಸಿ, ಅನ್ನ ಸಾರು ಕಲಸಿ, ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದ. ನನಗೆ ಅನ್ನದ ಅಗುಳೆಲ್ಲ ಹುಳದ ಹಾಗೆ ಕಂಡಿತು. ಇನ್ನು ಇಲ್ಲಿ ನಿಲ್ಲಲಾರೆ ಎನಿಸಿ, ಊಟದ ಗದ್ದಲದಲ್ಲೇ ಭಾವಮೈದುನನ ಮೇಲೆ ಹೋಟೆಲು ಬಿಟ್ಟು, ಬೇರೆ ಎಲೆ ಬೇಯಿಸಿಕೊಂಡು ಕೋಡಿಗೆ ಹೊರಟೆ.

ಬೇಲಿಯ ಬಳಿ ಸ್ಕೂಟರು ನಿಲ್ಲಿಸುವಾಗ ಪಕ್ಕದ ಮನೆಯ ಹೆಂಗಸು ಮೀನಿನ ಬುಟ್ಟಿ ಇಳಿಸಿ ಕೂಗಿದಳು:

"ಹ್ವಾಯ್, ಮತ್ತೆ ಬಂದ್ರ್ಯಾ? ಬೆಳಿಗ್ಗೆ ಬಂದಾಗ ಎಂತ ಬಿಟ್ಟ್ ಹೋದ್ರಿ?"

ಎಲೆಯ ಡಬ್ಬಿ ಎತ್ತಿಕೊಂಡು ಮನೆಯತ್ತ ನಡೆದೆ. ಹೊಸ್ತಿಲು ದಾಟುವಾಗ ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿದೇನು? ಬಿಟ್ಟೆ. ವಾಸನೆ ಇರಲಿಲ್ಲ. ಬೆಂದ ಬಾಳೆಲೆಯ ಹಸಿ ಕಂಪು ಮಾತ್ರ.

ಮುತ್ತಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಕಾಲಿಗೆ ಬಿಳೀ ಪಟ್ಟಿ, ಒಂದು ಕಲೆಯೂ ಇಲ್ಲ. ಸಂದಿಯಲ್ಲಿ ಹಸಿರು ಎಲೆಯ ಅಂಚು. ಮೊಣಕಾಲಿನ ಕೆಳಗೆ ಗಂಟು. ಎಡಗೈ ಹೆಬ್ಬೆರಳಿನಿಂದ ತಿರುವಿ ಕೆಳಗಿನಿಂದ ತೂರಿಸಿ ಬಿಟ್ಟ ಕುಣಿಕೆ.

"ಯಾರು ಕಟ್ಟಿದ್ದು?" ಎಂದು ಕೇಳಿದೆ.

"ಇದೊಳ್ಳೆ ಕಥಿ ಆಯ್ತಲೆ! ಒಂಬತ್ ಗಂಟಿಗ್ ಬಂದ್ ಕಟ್ಟಿಕ್ ಹೋದವ್ರ್ ನೀವೇ ಅಲ್ದಾ? ಇವತ್ ಮೂಗಿಗ್ ಬೈರಾಸ್ ಕಟ್ಲಿಲ್ಲ, ಮುಖ ತಿರ್ಗಿಸ್ಲಿಲ್ಲ. ಕಾಲ್ ತೊಡಿ ಮೇಲ್ ಇಟ್ಕಂಡ್ ಒಂದೊಂದೇ ಹುಳ ಹೆಕ್ಕಿದ್ರಿ. ನೋವಾತ್ತಾ ಮುತ್ತಕ್ಕ ಅಂತ ಕೇಂಡ್ರಿ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಷ್ಟ್ ದಿನದಗೆ ಒಬ್ರೂ ಕೇಂಡಿರ್ಲಿಲ್ಲ ಕಾಣಿ."

ನಾನು ಕೇಳಿರಲೇ ಇಲ್ಲ, ಮಾರಾಯ್ರೆ. ಒಂದು ದಿನವೂ ಕೇಳಿರಲಿಲ್ಲ.

ಮುತ್ತಕ್ಕನ ಕಣ್ಣಿಗೆ ಸ್ವಲ್ಪ ಪೊರೆ ಇತ್ತು, ಒಪ್ಪುತ್ತೇನೆ. ಬೇಲಿಯಾಚೆಯ ಹೆಂಗಸಿಗೆ ಇರಲಿಲ್ಲವಲ್ಲ. ಹೊರಗೆ ಬಂದು ಸುಮ್ಮನೆ ಎಂಬಂತೆ ವಿಚಾರಿಸಿದೆ. ಸ್ಕೂಟರು ಇದೇ, ಅಂಗಿ ಬೇರೆ ಎಂದಳು. ಸಿಸ್ಟರ್ ಬೈಂದೂರಿನಲ್ಲಿದ್ದರು. ನಮ್ಮಲ್ಲಿ ಬೇರೆ ಯಾರಿಗೂ ಮುತ್ತಕ್ಕನ ಮನೆ ಗೊತ್ತಿಲ್ಲ, ಆ ಗಂಟಂತೂ ಬಾರದು. ನನ್ನ ಸ್ಕೂಟರು ಬೆಳಗಿನಿಂದ ಹೋಟೆಲಿನ ಎದುರೇ ಇತ್ತೆಂದು ಭಾವಮೈದುನ ಆಣೆ ಇಟ್ಟು ಹೇಳಿದ.

ಭಾನುವಾರ ಸಿಸ್ಟರ್ ತುದಿ ಎಳೆದರು, ಗಂಟು ಒಂದೇ ಸಲಕ್ಕೆ ಬಿಚ್ಚಿತು. ಒಳಗೆ ಕೆಂಪು ಮಾಂಸ, ಕೀವಿಲ್ಲ, ಹುಳವಿಲ್ಲ. "ಕಾಲ್ ಉಳೀತ್. ನಿನ್ನ ಕೈಗುಣವೇ" ಎಂದರು. ನಾನು ತಲೆ ಆಡಿಸಿದೆ. ಮಾಡದ ಕೆಲಸಕ್ಕೆ ಹೊಗಳಿಕೆ ತಿಂದೆ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆಯ ಮುಂದೆ ಆ ಹುಳಗಳು ಏನೂ ಅಲ್ಲ.

ಆಮೇಲೆ ಒಂದು ಬುಧವಾರವೂ ತಪ್ಪಿಸಲಿಲ್ಲ. ಬೈರಾಸು ಕಟ್ಟುವುದು ಬಿಟ್ಟೆ. ಹೊಟ್ಟೆ ತೊಳೆಸುವುದು ನಿಲ್ಲಲಿಲ್ಲ, ತಡೆದುಕೊಂಡೆ. ಪ್ರತಿ ಸಲ "ನೋವಾತ್ತಾ ಮುತ್ತಕ್ಕ?" ಎಂದು ಕೇಳಿದೆ. ಗಾಯ ಆರಿ, ಅವರು ಕೋಲು ಹಿಡಿದು ಅಂಗಳಕ್ಕೆ ಇಳಿದ ದಿನ, ಕೊನೆಯ ಪಟ್ಟಿ ಬಿಚ್ಚುವಾಗಲೂ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಇಲ್ಲೆ" ಎಂದರು. ಮತ್ತೆ ಮೆಲ್ಲಗೆ, "ಅವತ್ ಕೇಂಡಂಗೆ ಮತ್ತೆ ಒಂದ್ ದಿನವೂ ಕೇಂಡಿಲ್ಲೆ ನೀವ್" ಎಂದರು.

ಅವತ್ತು ಹಾಗೆ ಕೇಳಿದವರು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ. ಆ ಹೊತ್ತಿಗೆ ನಾನು ತಲ್ಲೂರಲ್ಲಿ ನಳದ ಕೆಳಗೆ ಕೈ ತೊಳೆಯುತ್ತಿದ್ದೆ.