ಕಾಸಿದ ಆಲಿವ್ ಎಣ್ಣೆ

ನಮ್ಮ ಮನೆಯವರು ಹಾರ್ಟ್ ಅಟ್ಯಾಕ್ ಆಗಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ನವನಗರದ ಮನೆಗೆ ಬಂದ ಮೇಲೆ ನನಗೆ ಎಣ್ಣೆಯ ಹುಚ್ಚು ಹಿಡಿಯಿತು. ಗುಳಿಗೆ ಡಾಕ್ಟರ ಪಾಲಿಗೆ, ಆಯುಷ್ಯ ದೇವರ ಪಾಲಿಗೆ. ನನ್ನ ಕೈಯಲ್ಲಿದ್ದದ್ದು ಅಡುಗೆಮನೆಯೊಂದೇ. ಅದೂ ಪೂರ್ತಿ ನನ್ನದಲ್ಲ. ನಾನು ಪಾಠ ಹೇಳಲು ಕಾಲೇಜಿಗೆ ಹೋದ ಮೇಲೆ ಒಲೆ ಅತ್ತೆಯವರದು.

ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಓದಿದೆ. ಆಲಿವ್ ಎಣ್ಣೆಯಲ್ಲೂ ಮೇಲು ಕೀಳು ಇದೆ ಎಂದು ಗೊತ್ತಾಯಿತು. ಕಾಯಿ ಅರೆದು, ಬಿಸಿ ತಾಗಿಸದೆ ಹಿಂಡಿದ್ದು ಮೇಲಿನದು. ಕಾರ್ಖಾನೆಯಲ್ಲಿ ಕಾಸಿ, ಬಣ್ಣ ವಾಸನೆ ತೆಗೆದು, ಯಾರ ತಂಟೆಗೂ ಹೋಗದ ಹಾಗೆ ಮಾಡಿದ್ದು ಕೆಳಗಿನದು. ಕೊಬ್ಬು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಆದರೆ ರಕ್ತನಾಳಕ್ಕೆ ಒಳ್ಳೆಯದು ಮಾಡುವ ಕೆಲವು ಅಂಶಗಳು ಮೊದಲಿನದರಲ್ಲೇ ಚೆನ್ನಾಗಿ ಉಳಿಯುತ್ತವಂತೆ. ನಾಲಿಗೆಗೆ ಕಹಿ, ಗಂಟಲಿಗೆ ಖಾರ ತಾಗಿದರೆ ಅವು ಇವೆ ಎಂದು ಅರ್ಥ. ಹುಡುಕಿ ಹುಡುಕಿ ಅಂಥದ್ದೊಂದು ಬಾಟಲಿ ತಂದೆ. ಇವರು ಮೊದಲ ತುತ್ತಿಗೇ ಕೆಮ್ಮಿದರು. ಕೆಮ್ಮಲಿ ಎಂದುಕೊಂಡೆ, ಖುಷಿಯೇ ಆಯಿತು.

ಸ್ವಲ್ಪ ದಿನಗಳಲ್ಲಿ ಇವರು ಚಪ್ಪರಿಸಿ ಉಣ್ಣತೊಡಗಿದರು. ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಈ ಎಣ್ಣೆ. ರೂಢಿಯಾಯಿತು ಎಂದು ಹಿಗ್ಗಿದೆ. ತಪಾಸಣೆಗೆ ಹೋದಾಗ ಮಾತ್ರ ಹೃದಯ ಇನ್ನಷ್ಟು ಸೋತಿತ್ತು.

ಒಂದು ಭಾನುವಾರ ಆ ಎಣ್ಣೆಯನ್ನು ನನ್ನ ತಟ್ಟೆಗೂ ಹಾಕಿಕೊಂಡೆ. ಕಹಿಯಿಲ್ಲ, ಖಾರವಿಲ್ಲ, ಬರೀ ಸಪ್ಪೆ. ಅತ್ತೆಯವರನ್ನು ಕೇಳಿದರೆ ಹೆಮ್ಮೆಯಿಂದಲೇ ಹೇಳಿದರು. ಗಾಣದಿಂದ ಕುಸುಬಿ ಎಣ್ಣೆ ಬಂದಾಗ ತವರಿನಲ್ಲಿ ಮಾಡುತ್ತಿದ್ದದ್ದನ್ನೇ ಇಲ್ಲೂ ಮಾಡಿದ್ದರು. ಬಾಟಲಿಯನ್ನು ಬಾಣಲೆಗೆ ಸುರಿದು, ಹೊಗೆ ಏಳುವವರೆಗೆ ಕಾಸಿ, ಹುಣಸೆಹಣ್ಣಿನ ಉಂಡೆ ಕರಿದು ತೆಗೆದು, ಆರಿಸಿ, ಮತ್ತೆ ಅದೇ ಬಾಟಲಿಗೆ ತುಂಬುವುದು. ಹಸಿ ಎಣ್ಣೆ ಮಗನ ಹೊಟ್ಟೆಗೆ ಹೋಗಬಾರದು ಎಂಬ ಕಾಳಜಿ. ಇವರು ಕೆಮ್ಮಿದ ದಿನದಿಂದ ಒಂದು ಬಾಟಲಿಯೂ ಬಾಣಲೆ ತಪ್ಪಿಸಿಕೊಂಡಿರಲಿಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ತರಗತಿಯಲ್ಲಿ ನಿಂತವಳ ಹಾಗೆ ಎಲ್ಲ ಬಿಡಿಸಿ ಹೇಳಿದೆ. ಕಾರ್ಖಾನೆ ಮಾಡುವುದನ್ನೇ ನೀವು ಮನೆಯಲ್ಲಿ ಮಾಡಿದ್ದೀರಿ, ಆ ಕಹಿಯೇ ಔಷಧವಾಗಿತ್ತು ಎಂದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ಹಂಗಾರ ನನ್ನ ಮಗನ ಔಷಧಾ ನಾನಽ ಸುಟ್ಟೆನೇನು?"

ನಾನು ಇಲ್ಲ ಎನ್ನಲಿಲ್ಲ.

ಮರುದಿನದಿಂದ ಅವರು ಒಲೆಯ ಮುಂದೆ ನಿಲ್ಲಲಿಲ್ಲ. ಅಡುಗೆಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆವು. ಇವರು ಅವ್ವನ ಕೈಯ ರೊಟ್ಟಿ ಕೇಳಿದರೆ, ಅತ್ತೆ ಕೈ ನೋಯುತ್ತದೆ ಎನ್ನುತ್ತಿದ್ದರು. ಈಗ ಕಾಸದ ಎಣ್ಣೆ ಮನೆಯಲ್ಲಿ ಬೇಕಾದಷ್ಟಿತ್ತು, ಉಣ್ಣುವವರಿಗೆ ಊಟವೇ ಬೇಡವಾಗಿತ್ತು. ಮಗ ತಟ್ಟೆ ಸರಿಸಿದಾಗಲೆಲ್ಲ ತಾಯಿ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಅದನ್ನು ನೋಡುವುದು ನನಗೆ ನರಕವಾಗಿತ್ತು.

ಮುಂದಿನ ತಪಾಸಣೆಯಲ್ಲಿ, ಇವರನ್ನು ಹೊರಗೆ ಕೂರಿಸಿ, ಡಾಕ್ಟರನ್ನು ಕೇಳಿಯೇಬಿಟ್ಟೆ. ಕಾಸಿದರೆ ಎಣ್ಣೆಯ ಲಾಭ ಒಂದಿಷ್ಟು ಕಡಿಮೆಯಾದೀತು, ಅಷ್ಟೇ ಎಂದರು. ಹಾರ್ಟ್ ಅಟ್ಯಾಕ್ ಆದ ದಿನವೇ ಹೃದಯದ ಸ್ನಾಯು ಬಹಳಷ್ಟು ಸತ್ತಿತ್ತು, ಅದನ್ನು ಯಾವ ಎಣ್ಣೆಯೂ ಎಬ್ಬಿಸುವುದಿಲ್ಲ, ಇನ್ನು ಹೆಚ್ಚು ದಿನಗಳ ನಿರೀಕ್ಷೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಎದೆ ಒಡೆದುಹೋಯಿತು. ಆದರೂ ಹೊರಗೆ ಬರುವಾಗ ಒಂದೇ ಆಸೆ ಉಳಿದಿತ್ತು, ಅತ್ತೆಯವರ ತಲೆಯ ಮೇಲಿನ ಭಾರವನ್ನಾದರೂ ಇಳಿಸಬಹುದು ಎಂದು.

ಮನೆಗೆ ಬಂದವಳೇ ಅವರ ಪಕ್ಕ ಕೂತೆ. ಎಣ್ಣೆಯಿಂದ ಏನೂ ಆಗಿಲ್ಲ, ಡಾಕ್ಟರೇ ಹೇಳಿದರು ಎಂದೆ. ಅವರು ನನ್ನ ಬೆನ್ನ ಮೇಲೆ ಕೈಯಾಡಿಸಿದರು.

"ಸಮಾಧಾನ ಮಾಡಾಕ ಬರಬ್ಯಾಡವಾ. ನೀ ಕಲ್ತಾಕಿ. ಅವತ್ತ ಸಿಟ್ಟಿನ್ಯಾಗ ಖರೇ ಹೇಳಿದ್ದಿ."