ಚೀಟಿ ಎತ್ತಿದ ಕೈ

ದೇವರ ಮುಂದೆ ಚೀಟಿ ಹಾಕಿ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಗು ಅನ್ನುವುದಕ್ಕಿಂತ ಸಿಟ್ಟು ಅಂದರೆ ಸರಿ. ನನ್ನ ತವರು ಬೇಗೂರು. ಬಾವಿ ತೋಡಿಸುವುದಿರಲಿ, ಹಸು ಮಾರುವುದಿರಲಿ, ಹೆಣ್ಣು ಕೊಡುವುದಿರಲಿ, ನಮ್ಮ ಮನೆಯವರು ದೇವಸ್ಥಾನಕ್ಕೆ ಹೋಗಿ ಎರಡು ಚೀಟಿ ಮಡಿಸಿ ಹಾಕಿ ಒಂದನ್ನು ಎತ್ತಿಸುತ್ತಿದ್ದರು. ನನ್ನ ಮದುವೆಯೂ ಹಾಗೇ ನಿಶ್ಚಯವಾಯಿತು. ಪಕ್ಕದ ಮನೆಯವರ ಕೈಯಲ್ಲಿ ಎತ್ತಿಸಿದ ಚೀಟಿಯಲ್ಲಿ 'ಆಗಲಿ' ಅಂತ ಬಂತೆಂದು ಅಮ್ಮ ಕಣ್ಣೀರು ಹಾಕಿದಳು. 'ಬೇಡ' ಅಂತ ಬಂದಿದ್ದರೂ ನಾನು ಇವರನ್ನೇ ಕಟ್ಟಿಕೊಳ್ಳುತ್ತಿದ್ದೆ, ಅದು ಬೇರೆ ಮಾತು.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಮೂಢನಂಬಿಕೆ ಅಂದರೆ ಯಾರೊಂದಿಗಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಈಗಲೂ ನಿಲ್ಲುತ್ತೇನೆ, ಆದರೆ ಮೊದಲಿನ ಹಾಗೆ ಗಂಟಲು ಏರುವುದಿಲ್ಲ. ಯಾಕೆ ಏರುವುದಿಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ನಂಬದೆ ಹೋದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನೂ ನಮ್ಮವರೂ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಸುತ್ತಮುತ್ತ ಎಲ್ಲಾ ಲೇತು, ಪ್ರೆಸ್ಸು, ಕಬ್ಬಿಣದ ಪುಡಿ. ನಡುವೆ ನಮ್ಮದೊಂದು ಮಾತ್ರ ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸುವ ಜಾಗ. ವಾಸ ಅಲ್ಲೇ ಹತ್ತಿರದ ರಾಜಗೋಪಾಲನಗರದಲ್ಲಿ, ಶೀಟಿನ ಮನೆ. ಬೆಳಿಗ್ಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಡುತ್ತಿದ್ದೆವು. ಏರು ಬಂದಾಗ ನಾನು ಇಳಿದು ನಡೆಯುತ್ತಿದ್ದೆ, ಅವರು ಸೈಕಲ್ ತಳ್ಳಿಕೊಂಡು ನನ್ನನ್ನು ರೇಗಿಸುತ್ತಿದ್ದರು.

ಅವರ ಹೆಸರು ಶ್ರೀಕಂಠ. ಕಾರ್ಖಾನೆಯಲ್ಲಿ ಪ್ರೋಗ್ರಾಂ ಬರೆಯುವವರು ಅವರೊಬ್ಬರೇ. ಜೋಡಿಸಿದ ಮಷೀನು ಸರಿಯಿದೆಯೇ ಅಂತ ನೋಡುವ ಕೆಲಸ ನನ್ನದು, ಪಕ್ಕದ ಬೆಂಚಿನ ಗೆಳತಿ ವಸಂತಾಳದು. ಆಗಿನ ಕಂಪ್ಯೂಟರಿನಲ್ಲಿ ಚಿತ್ರವೂ ಇಲ್ಲ, ಮೌಸೂ ಇಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಯಾವ ಪ್ರೋಗ್ರಾಂ ಬೇಕೋ ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೆ. ಮೆಮೊರಿಗೆ ಒಂದು, ಪರದೆಗೆ ಒಂದು, ಪ್ರಿಂಟರಿಗೆ ಒಂದು ಅಂತ ಹತ್ತಾರು ಪರೀಕ್ಷೆಯ ಪ್ರೋಗ್ರಾಂಗಳಿದ್ದವು. ಸಾಲಾಗಿ ಓಡಿಸಿದರೆ ಎಲ್ಲವೂ ಪಾಸು. ಗಿರಾಕಿಯ ಹತ್ತಿರ ಹೋದ ಮೇಲೆ ಮಷೀನು ಕೈಕೊಡುತ್ತಿತ್ತು. ಗಿರಾಕಿಯೇನು ನಮ್ಮ ಹಾಗೆ ಸಾಲಾಗಿ ಕೆಲಸ ಮಾಡುತ್ತಾನಾ, ಅವನು ಮನಸ್ಸು ಬಂದಂತೆ ಕುಟ್ಟುತ್ತಾನೆ ಅಂತ ಇವರು ಯೋಚಿಸಿ ಒಂದು ಹೊಸ ಪ್ರೋಗ್ರಾಂ ಬರೆದರು. ಫ್ಲಾಪಿ ಅನ್ನುವ ತೆಳು ತಟ್ಟೆಯಲ್ಲಿರುವ ಫೈಲುಗಳಲ್ಲಿ ಯಾವುದಾದರೂ ಒಂದನ್ನು ಅದೇ ಆರಿಸಿ ಓಡಿಸುತ್ತಿತ್ತು. ಯಾವುದು ಬರುತ್ತದೆ ಅಂತ ಒತ್ತಿದವರಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ಅದಕ್ಕೆ 'ಚೀಟಿ' ಅಂತ ಹೆಸರಿಟ್ಟರು. ನಿಮ್ಮಮ್ಮನಿಗೆ ಹೇಳು, ಅಳಿಯನೂ ಚೀಟಿ ಎತ್ತಿಸೋಕೆ ಶುರು ಮಾಡಿದಾನೆ ಅಂತ, ಎಂದು ನಕ್ಕಿದ್ದರು.

ನನ್ನ ಬೆಂಚಿನ ಫ್ಲಾಪಿಗೆ ಮಾತ್ರ ಅವರು ಇನ್ನೊಂದು ಫೈಲು ಸೇರಿಸಿದ್ದರು. ಅದು ಪರೀಕ್ಷೆಯೂ ಅಲ್ಲ, ಮಣ್ಣೂ ಅಲ್ಲ. ಚೀಟಿ ಅದನ್ನು ಎತ್ತಿದರೆ ಪ್ರಿಂಟರು ಕರಕರ ಅಂತ ಒಂದೇ ಸಾಲು ಹೊಡೆಯುತ್ತಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಸರೋಜಾ ಊಟ ಆಯ್ತಾ. ನಾನು ಕೆಲಸದ ಮೇಲೆ ಕೂತರೆ ಊಟ ಮರೆಯುತ್ತೇನೆ ಅನ್ನುವುದು ಅವರ ದೂರು. ಮೊದಲ ಸಲ ಬಂದಾಗ ನಾನು ನಾಚಿಕೆಯಿಂದ ಸತ್ತೇ ಹೋದೆ. ವಸಂತಾ ಆ ಹಾಳೆಯನ್ನು ಹರಿದು ಇಡೀ ಕಾರ್ಖಾನೆಗೆ ತೋರಿಸಿಕೊಂಡು ಬಂದಳು. ಆಮೇಲೆ ರೂಢಿಯಾಯಿತು. ವಾರಕ್ಕೆ ನಾಲ್ಕಾರು ಸಲ ಬರುತ್ತಿತ್ತು. ಬಂದ ದಿನ ಡಬ್ಬಿ ಬಿಚ್ಚುತ್ತಿದ್ದೆ.

ಶ್ರಾವಣದಲ್ಲಿ ಅವರಿಗೆ ಕಾಮಾಲೆ ಆಯಿತು. ನಾಟಿ ಔಷಧಿ ಆಯಿತು, ಆಸ್ಪತ್ರೆಯೂ ಆಯಿತು. ಮನುಷ್ಯ ಹೋಗಿಬಿಟ್ಟರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿ ನನಗಿಲ್ಲ.

ಅಣ್ಣ ಬೇಗೂರಿನಿಂದ ಬಂದ. ಮನೆ ಖಾಲಿ ಮಾಡು, ಕೆಲಸ ಬಿಡು, ನಮ್ಮ ಜೊತೆ ಬಂದಿರು ಅಂದ. ಕೆಟ್ಟವನಲ್ಲ ಅವನು. ಆದರೆ ಆ ಮನೆಯಲ್ಲಿ ಗಂಡ ಸತ್ತ ನಮ್ಮ ಚಿಕ್ಕತ್ತೆ ಹೇಗೆ ಬದುಕಿದ್ದಳು ಅಂತ ನಾನು ಕಣ್ಣಾರೆ ನೋಡಿದ್ದೆ. ಯಾರೂ ಬೈಯುತ್ತಿರಲಿಲ್ಲ, ಯಾರೂ ಮಾತಾಡಿಸುತ್ತಲೂ ಇರಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳು. ಅಲ್ಲಿಗೆ ಹೋಗುವುದೆಂದರೆ ನಾನೂ ಹಾಗೇ ಮುಗಿಯುವುದು. ಇಲ್ಲೇ ಇರುವುದೆಂದರೆ ಯಾರಿಗಾಗಿ? ಸಂಜೆ ಬೀಗ ತೆಗೆದು ಒಳಗೆ ಹೋದರೆ ದೀಪ ಹಾಕುವುದಕ್ಕೂ ಮನಸ್ಸು ಬರುತ್ತಿರಲಿಲ್ಲ. ಅಕ್ಕಿ ತೊಳೆದಿಟ್ಟು ಹಾಗೇ ಮಲಗಿದ ದಿನಗಳೇ ಜಾಸ್ತಿ. ಆಯುಧಪೂಜೆ ಕಳೆಯಲಿ ಅಂತ ಅಣ್ಣನಿಗೆ ಹೇಳಿದೆ. ಅವತ್ತು ಸಂಜೆಯೇ ಟೆಂಪೋ ತರುತ್ತೇನೆ ಅಂದು ಹೋದ.

ಇನ್ನು ವಿಚಿತ್ರದ ಮಾತಿಗೆ ಬರುತ್ತೇನೆ. ನಾನು ಕೆಲಸಕ್ಕೆ ಮರಳಿದ ಮೇಲೆ ಆ ಸಾಲು ಒಂದು ಸಲವೂ ಬರಲಿಲ್ಲ. ಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಬೇರೆ ಏನನ್ನೂ ಗಮನಿಸಲಾಗಲಿಲ್ಲ. ದಿನವೆಲ್ಲ ಚೀಟಿ ಓಡಿಸುತ್ತಿದ್ದೆ. ಮೆಮೊರಿ ಬರುತ್ತಿತ್ತು, ಪರದೆ ಬರುತ್ತಿತ್ತು, ಅದೊಂದು ಬರುತ್ತಿರಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ವಸಂತಾ ಅಳಿಸಿಹಾಕಿದ್ದಾಳೆ ಅಂದುಕೊಂಡು ಪಟ್ಟಿ ತೆಗೆದು ನೋಡಿದೆ. ಫೈಲು ಇದ್ದ ಜಾಗದಲ್ಲೇ ಇತ್ತು. ಅದರ ಹೆಸರನ್ನೇ ಟೈಪ್ ಮಾಡಿದರೆ ಓಡುತ್ತಿತ್ತು, ಅಷ್ಟು ನನಗೂ ಗೊತ್ತಿತ್ತು. ಮಾಡಲಿಲ್ಲ. ಹಾಗೆ ಮಾಡಿದರೆ ನಾನೇ ಬಾಯಿಬಿಟ್ಟು ಕೇಳಿಸಿಕೊಂಡ ಹಾಗೆ. ಅವರಾಗಿ ಕೇಳಬೇಕಿತ್ತು.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಪೂಜೆ ಮುಗಿಯಿತು. ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದರು, ಪುರಿ ಕಡಲೆ ಹಂಚಿದರು. ಪ್ರತಿ ವರ್ಷ ನಮ್ಮವರು ಮಷೀನಿನ ಪಕ್ಕ ಕಾವಲು ನಿಲ್ಲುತ್ತಿದ್ದರು. ಫ್ಲಾಪಿ ಹಾಕುವ ಬಾಯಿಗೆ ಕುಂಕುಮ ಇಡಬೇಡ್ರಮ್ಮಾ, ಪುಡಿ ಒಳಗೆ ಹೋದರೆ ಅದಕ್ಕೆ ಕೆಮ್ಮು ಬರುತ್ತೆ ಅಂತ ಹೆಂಗಸರನ್ನು ತಡೆಯುತ್ತಿದ್ದರು. ಈ ವರ್ಷ ತಡೆಯುವವರಿರಲಿಲ್ಲ. ಯಾರೋ ಭಕ್ತಿಯಿಂದ ಸರಿಯಾಗಿ ಆ ಬಾಯಿಯ ಮೇಲೇ ಅರಿಶಿನ ಕುಂಕುಮ ಮೆತ್ತಿ, ಸೇವಂತಿಗೆ ಸಿಕ್ಕಿಸಿದ್ದರು. ನನಗೆ ಯಾರೂ ಕುಂಕುಮ ಕೊಡಲಿಲ್ಲ. ತಟ್ಟೆ ಹಿಡಿದುಕೊಂಡು ಬಂದ ಹುಡುಗಿ ನನ್ನ ಮುಂದೆ ಒಂದು ಗಳಿಗೆ ನಿಂತು, ತಲೆ ತಗ್ಗಿಸಿ ಮುಂದೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮನೆಗೆ ಹೋದರು. ಪೂಜೆಯಾದ ಮೇಲೆ ಮಷೀನು ಮುಟ್ಟುವ ಹಾಗಿಲ್ಲ, ಮಾರನೆಯ ದಿನದವರೆಗೆ ಅದಕ್ಕೆ ವಿಶ್ರಾಂತಿ. ನಾನು ಯಾವ ಶಾಸ್ತ್ರವನ್ನೂ ಲೆಕ್ಕಕ್ಕಿಡದೆ ಹೂವು ತೆಗೆದಿಟ್ಟು, ಕುಂಕುಮ ಒರೆಸಿ, ನನ್ನ ಫ್ಲಾಪಿ ಹಾಕಿ ಸ್ವಿಚ್ ಒತ್ತಿದೆ. ಜೀವನದಲ್ಲಿ ಮೊದಲ ಸಲ ನಾನೂ ಒಂದು ಹರಕೆಯಂಥದ್ದನ್ನು ಹೊತ್ತೆ. ಇವತ್ತು ಟೆಂಪೋ ಬರುವುದರೊಳಗೆ ಅವರು ಒಂದು ಸಲ ಊಟ ಆಯ್ತಾ ಅಂತ ಕೇಳಿದರೆ ಇಲ್ಲೇ ಇರುತ್ತೇನೆ, ಏನಾದರೂ ಮಾಡಿಕೊಂಡು ಬದುಕುತ್ತೇನೆ. ಕೇಳದಿದ್ದರೆ ಬೇಗೂರಿನ ಒಲೆಯ ಪಕ್ಕ.

ಚೀಟಿ ಅಂತ ಟೈಪ್ ಮಾಡುವುದು, ಒತ್ತುವುದು. ಮತ್ತೆ ಟೈಪ್ ಮಾಡುವುದು, ಒತ್ತುವುದು. ಎಷ್ಟು ಸಲ ಅಂತ ಲೆಕ್ಕ ಇಡಲಿಲ್ಲ. ಉಳಿದೆಲ್ಲವೂ ಬಂದವು, ಬಂದದ್ದೇ ಮತ್ತೆ ಮತ್ತೆ ಬಂದವು. ಪ್ರಿಂಟರಿನ ಪರೀಕ್ಷೆ ಬಂದಾಗಲೆಲ್ಲ ಕರಕರ ಸದ್ದಿಗೆ ಹಾಳೆಯ ಕಡೆ ಬಗ್ಗುತ್ತಿದ್ದೆ. ನೋಡಿದರೆ ಬರೀ ಎಬಿಸಿಡಿ. ಪೀಣ್ಯದಲ್ಲಿ ಅಷ್ಟು ಮೌನ ನಾನು ಕೇಳಿದ್ದೇ ಇಲ್ಲ. ಒಂದು ಲೇತೂ ಓಡುತ್ತಿರಲಿಲ್ಲ. ಕೊನೆಗೆ ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಸತ್ತ ಮೇಲೂ ಹಟವಾ ನಿಮಗೆ ಅಂತ ಬೈದೆ. ಬೇರೆ ಯಾರಿಗೂ ಬೈಯಲಾಗದ್ದನ್ನೆಲ್ಲ ಆ ಮಷೀನಿಗೆ ಬೈದೆ.

ನನ್ನ ದನಿ ಕೇಳಿ ವಾಚ್‌ಮನ್ ಮುನಿಯಪ್ಪ ಒಳಗೆ ಬಂದ. ವಯಸ್ಸಾದವನು, ಆ ಊರಿನವನೇ. ಕಾರ್ಖಾನೆ ನಿಂತಿರುವ ಜಾಗ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ. ಪೂಜೆಯ ದಿನ ಮಷೀನು ಹಾಕಿದ್ದಕ್ಕೆ ಗದರಿಸುತ್ತಾನೆ ಅಂದುಕೊಂಡೆ. ಅವನು ಸ್ಟೂಲಿನ ಮೇಲೆ ಕೂತು, ಏನಾಯ್ತವ್ವ ಅಂದ. ಅಣ್ಣನಿಗೂ ವಸಂತಾಳಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಅವನಿಗೆ ಕಂಪ್ಯೂಟರ್ ಏನೂ ಅರ್ಥವಾಗಿರಲಿಕ್ಕಿಲ್ಲ. ಚೀಟಿ ಅನ್ನುವುದು ಅರ್ಥವಾಯಿತು.

"ಕೇಳೋರೇ ಚೀಟಿ ಎತ್ಬಾರ್ದು ಕಣವ್ವ," ಅಂದ. "ಬ್ಯಾರೇರ ಕೈಲಿ ಎತ್ತುಸ್ಬೇಕು. ನೀನೇ ಕೇಳ್ಕಂಡು ನೀನೇ ಎತ್ಕಂಡ್ರೆ ಎಂಗ್ ಬತ್ತದೆ?"

ಬೇರೆ ದಿನವಾಗಿದ್ದರೆ ಅವನ ಜೊತೆಯೂ ಜಗಳ ಕಾಯುತ್ತಿದ್ದೆ. ಅವತ್ತು ಜಗಳಕ್ಕೂ ತ್ರಾಣವಿರಲಿಲ್ಲ. ಚೀಟಿ ಅಂತ ಟೈಪ್ ಮಾಡಿ, ಎಂಟರ್ ಯಾವುದು ಅಂತ ತೋರಿಸಿದೆ. ಅವನು ಪಂಚೆಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಒಂದೇ ಬೆರಳಿನಲ್ಲಿ ಒತ್ತಿದ.

ಪ್ರಿಂಟರು ಕರಕರ ಅಂತು. ಒಂದೇ ಸಾಲು. ಸರೋಜಾ ಊಟ ಆಯ್ತಾ.

ಅವನಿಗೆ ಓದು ಬರುತ್ತಿರಲಿಲ್ಲ, ನನ್ನ ಮುಖ ನೋಡಿ ಬಂತಾ ಅಂದ. ಅವನ ಕೈ ಸರಿಸಿ ನಾನೇ ಒತ್ತಿದೆ. ಮೆಮೊರಿ ಬಂತು. ಮತ್ತೆ ಒತ್ತಿದೆ, ಪರದೆ ಬಂತು. ಅವನ ಬೆರಳು ಹಿಡಿದು ಒತ್ತಿಸಿದೆ. ಸರೋಜಾ ಊಟ ಆಯ್ತಾ. ಮತ್ತೆ ನಾನು ಒತ್ತಿದೆ, ಇಲ್ಲ. ಮತ್ತೆ ಅವನು, ಬಂತು. ಅವನು ಒತ್ತಿದಾಗಲೆಲ್ಲ ಬಂತು. ನಾನು ಒತ್ತಿದಾಗ ಒಮ್ಮೆಯೂ ಬರಲಿಲ್ಲ. ನೀವು ಏನು ಬೇಕಾದರೂ ಅಂದುಕೊಳ್ಳಿ, ಇದು ನಡೆದದ್ದು ಹೀಗೇ.

ಹಾಳೆಯಲ್ಲಿ ಏನಿದೆ ಅಂತ ಅವನಿಗೆ ಓದಿ ಹೇಳಿದೆ. ಮುದುಕನ ಕಣ್ಣು ತುಂಬಿಕೊಂಡಿತು. "ಸುಮ್ಕೆ ಕುಂತಿದ್ದೀಯಲ್ಲವ್ವ," ಅಂದ. "ಆಗಿಲ್ಲ ಅಂತ ಏಳು ಆ ಮಾರಾಯಂಗೆ."

ಹೇಳುವುದು ಹೇಗೆ ಅಂತ ನಾನು ಯೋಚಿಸುತ್ತಿರುವಾಗಲೇ ಕರೆಂಟು ಹೋಯಿತು. ಪೀಣ್ಯದಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಹಸಿರು ಅಕ್ಷರಗಳು ಕುಗ್ಗಿ ಒಂದು ಚುಕ್ಕೆಯಾಗಿ ಆರಿಹೋದವು. ಕಪ್ಪು ಪರದೆಗೆ ಮುಖ ಕೊಟ್ಟು, ಇಲ್ಲ ರೀ, ಆಗಿಲ್ಲ ಅಂದೆ. ಕರೆಂಟು ಬಂದ ಮೇಲೆ ಆ ಫ್ಲಾಪಿಯನ್ನು ಮಷೀನು ಓದಲಿಲ್ಲ. ಹೊರಗೆ ತೆಗೆದು ನೋಡಿದರೆ ತಟ್ಟೆಯ ಸುತ್ತ ಉಂಗುರದ ಹಾಗೆ ಗೀರು ಬಿದ್ದಿತ್ತು, ಗೀರಿನ ತುಂಬ ಕೆಂಪು ಪುಡಿ. ಉಳಿದ ಪರೀಕ್ಷೆಗಳಿಗೆ ಬೇರೆ ಪ್ರತಿಗಳಿದ್ದವು. ಆ ಒಂದು ಫೈಲಿಗೆ ಇರಲಿಲ್ಲ.

ಮುಂದೊಂದು ದಿನ ನನ್ನಿಂದ ಎಲ್ಲಾ ಕೇಳಿದ ಮೇಲೆ ವಸಂತಾ, ಕುಂಕುಮದ ಪುಡಿಗೆ ಆ ಫೈಲು ಸರಿಯಾಗಿ ಓದದೆ ಬಿಟ್ಟು ಬಿಟ್ಟು ಬಂದಿದೆ ಅಂದಳು. ಕುಂಕುಮ ಇಟ್ಟದ್ದು ಅವತ್ತು ಬೆಳಿಗ್ಗೆ, ಅದಕ್ಕೆ ಮುಂಚಿನ ಅಷ್ಟು ದಿನ ಯಾಕೆ ಬರಲಿಲ್ಲ? ಅವನ ಬೆರಳು, ನನ್ನ ಬೆರಳು ಅಂತ ಮಷೀನಿಗೆ ಹೇಗೆ ಗೊತ್ತು?

ಆಯುಧಪೂಜೆಯ ಸಂಜೆಯೇ ಟೆಂಪೋ ಬಂತು. ನಾನು ಬರುವುದಿಲ್ಲ ಅಂದೆ. ಕಾರಣ ಹೇಳು ಅಂತ ಅಣ್ಣ ಬೀದಿಯಲ್ಲಿ ಕೂಗಾಡಿದ. ಏನಂತ ಹೇಳಲಿ? ಖಾಲಿ ಟೆಂಪೋ ತೆಗೆದುಕೊಂಡು ಹೋದವನು ಮತ್ತೆ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವನು ಸಾಯುವ ಕಾಲಕ್ಕೂ ನನಗೆ ಹೇಳಿಕಳಿಸಲಿಲ್ಲ.

ಉಳಿದೆ, ಬದುಕಿದೆ. ಆ ಕಾರ್ಖಾನೆ ಮುಚ್ಚಿತು, ಇನ್ನೊಂದು ಸೇರಿದೆ, ಅದೂ ಮುಚ್ಚಿತು. ಸುಖವಾಗಿದ್ದೆ ಅಂತ ಸುಳ್ಳು ಹೇಳುವುದಿಲ್ಲ. ಒಬ್ಬಳೇ ಬೇಯಿಸಿಕೊಂಡು ಒಬ್ಬಳೇ ತಟ್ಟೆ ತೊಳೆದಿಟ್ಟ ವರ್ಷಗಳು. ಊಟ ಆಯ್ತಾ ಅಂತ ಈ ಊರಿನಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಒಂದು ಸಾಲನ್ನು ನಂಬಿಕೊಂಡು ಇಷ್ಟು ದೂರ ಬಂದೆನಲ್ಲ, ಅದು ನನ್ನನ್ನೇ ಕೇಳಿದ್ದಾ ಅಂತ ಎಷ್ಟೋ ಸಲ ಅನುಮಾನ ಬಂದಿದೆ.

ಈಚೆಗೆ ಒಂದು ಹಳೇ ಕಂಪ್ಯೂಟರ್ ಸಿಕ್ಕಿತು. ಅವರು ಬರೆದ ಚೀಟಿಯನ್ನು, ಇಷ್ಟು ವರ್ಷದಲ್ಲಿ ನಾನು ಕಲಿತಷ್ಟರಲ್ಲಿ, ನೆನಪಿನಿಂದಲೇ ಮತ್ತೆ ಬರೆದೆ. ಪರೀಕ್ಷೆಗಳ ಬದಲು ಸುಮ್ಮನೆ ಒಂದಷ್ಟು ಸಣ್ಣ ಫೈಲುಗಳನ್ನು ಹಾಕಿ, ಅವುಗಳ ನಡುವೆ ಆ ಸಾಲಿನದೂ ಒಂದನ್ನು ಇಟ್ಟೆ. ಮಧ್ಯಾಹ್ನದ ಹೊತ್ತು ಕೂತು ಒತ್ತುತ್ತೇನೆ. ಉಳಿದವೆಲ್ಲ ಬರುತ್ತವೆ. ಅದು ಬರುವುದಿಲ್ಲ.

ಮುನಿಯಪ್ಪ ತೀರಿಕೊಂಡು ಬಹಳ ಕಾಲವಾಯಿತು. ಈಗ ನಾನಿರುವ ಕಟ್ಟಡದ ಮೇಲಿನ ಮನೆಯ ಹೆಂಗಸು ಒಳ್ಳೆಯವಳು, ಕರೆದರೆ ಬಂದು ಒತ್ತಿಕೊಡುತ್ತಾಳೆ. ಕರೆಯೋಣವೆಂದು ಮೆಟ್ಟಿಲವರೆಗೆ ಹೋಗುತ್ತೇನೆ, ಅಲ್ಲಿಂದ ವಾಪಸು ಬರುತ್ತೇನೆ. ಅವಳ ಕೈಗೂ ಬಾರದೆ ಹೋದರೆ, ಆಮೇಲೆ ನಾನು ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.