ಸಾಹೇಬರ ಸಹಿಗೆ ಕಾದು ನಿಂತ ಕುರ್ಚಿಗಳು

ಗಾಲಿಯಕ್ಕನಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಆಸ್ಪತ್ರೆಗಳು ಮೂಲೆಗೆ ತಳ್ಳಿದ ಮುರುಕು ಗಾಲಿಕುರ್ಚಿಗಳನ್ನು ತಂದು, ಮೈದುನನ ಕೈಯಲ್ಲಿ ರಿಪೇರಿ ಮಾಡಿಸಿ, ನಡೆಯಲಾರದವರಿರುವ ಮನೆಗಳಿಗೆ ಅಗ್ಗದ ಬಾಡಿಗೆಗೆ ಕೊಡುತ್ತಾಳೆ. ಹೊಟ್ಟೆಪಾಡಿಗೆ ಹೊಟ್ಟೆಪಾಡು, ಪುಣ್ಯಕ್ಕೆ ಪುಣ್ಯ ಎನ್ನುತ್ತಾರೆ ನೆಂಟರು. ಎರಡರಲ್ಲಿ ಯಾವುದು ಎಷ್ಟು ಬಂತೆಂದು ಮಾತ್ರ ಯಾರೂ ವಿಚಾರಿಸಿದವರಲ್ಲ.

ಮೊದಲ ವರ್ಷ ಯಾವ ಆಸ್ಪತ್ರೆಯ ವಾಚ್‌ಮನ್ನೂ ಅವಳನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ. ಹಳೇ ಕಬ್ಬಿಣದವಳು ಎಂದುಕೊಂಡರು. ಆಗ ಕೈಹಿಡಿದವರು ಕಾರ್ಖಾನೆಯ ನಿವೃತ್ತ ಮ್ಯಾನೇಜರ್ ಸಾಹೇಬರು. ಕಾಗದ ಬರೆದುಕೊಟ್ಟರು, ದೊಡ್ಡ ಡಾಕ್ಟರ ಮುಂದೆ ಏನು ಮಾತಾಡಬೇಕೆಂದು ಬಾಯಿಪಾಠ ಮಾಡಿಸಿದರು, ಬಿಸಿಲಲ್ಲಿ ಗೇಟಿನವರೆಗೂ ಬಂದು ನಿಂತರು. ಮೊದಲ ಬಾರಿ ಲಾರಿ ತುಂಬ ಕುರ್ಚಿ ಬಂದಿಳಿದ ದಿನ ಗಾಲಿಯಕ್ಕನ ಕಣ್ಣು ತುಂಬಿಬಂತು.

"ಸಾರ್, ಇನ್ಮೇಲೆ ನೀವು ನೋಡದೆ ಒಂದು ಕುರ್ಚಿನೂ ಈ ಬಾಗಿಲು ದಾಟಲ್ಲ" ಎಂದುಬಿಟ್ಟಳು.

ಹೊರಟು ನಿಂತವರಿಗೆ ಊಟ ಮಾಡಿಕೊಂಡೇ ಹೋಗಿ ಎನ್ನುತ್ತೇವಲ್ಲ, ಅಂಥ ಮಾತು. ಕೇಳಿದವರು ನಕ್ಕು ಚಪ್ಪಲಿ ಮೆಟ್ಟಬೇಕು. ಸಾಹೇಬರು ಎಲೆ ಹಾಕಿಸಿಕೊಂಡು ಕೂತೇಬಿಟ್ಟರು.

ಅಂದಿನಿಂದ ಪ್ರತಿ ಗುರುವಾರ ನಾಲ್ಕು ಗಂಟೆಗೆ ತಪಾಸಣೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದೊಂದು ಕುರ್ಚಿಯಲ್ಲೂ ತಾವೇ ಕೂತು ಷೆಡ್ಡಿನ ಉದ್ದಕ್ಕೂ ಎರಡು ಸುತ್ತು ಹೊಡೆದು, ಹಿಡಿಗೆ ಕಟ್ಟಿದ ಚೀಟಿಯಲ್ಲಿ ಸಹಿ ಹಾಕುವರು. ಸಹಿ ಬೀಳದ ಕುರ್ಚಿ ಕದಲುವಂತಿಲ್ಲ. ಒಮ್ಮೆ ಮೈದುನನನ್ನು ನಿಲ್ಲಿಸಿಕೊಂಡು, "ಈ ಬೋಲ್ಟಿನ ಗುರಿ ಏನಪ್ಪಾ?" ಎಂದು ಕೇಳಿದ್ದರು.

"ಬೋಲ್ಟಿಗೆ ಎಂಥಾ ಗುರಿ ಅತ್ತಿಗೆ? ಬಿಗಿಯಾಗಿರೋದು!" ಎಂದು ಅವನು ಆಮೇಲೆ ವಾರವಿಡೀ ಗೊಣಗಿದ.

ಅವನ ತಾಳ್ಮೆ ಕೆಟ್ಟದ್ದು ಒಂದು ಶುಕ್ರವಾರ. ಬೀದಿ ಕೊನೆಯ ಟೈಲರ್ ತನ್ನ ಅಪ್ಪನಿಗಾಗಿ ಕುರ್ಚಿ ಕೇಳಲು ಬಂದ. ಕುರ್ಚಿ ಸಿದ್ಧವಾಗಿ ಕಣ್ಣೆದುರೇ ನಿಂತಿತ್ತು. ಗಾಲಿಯಕ್ಕ ತಲೆ ತಗ್ಗಿಸಿ, "ಗುರುವಾರ ಬಾಪ್ಪಾ" ಎಂದಳು.

"ಆ ಮುದುಕಪ್ಪ ಇನ್ನೂ ಆರು ದಿನ ಹಾಸಿಗೇಲೇ ಬಿದ್ದಿರಬೇಕು, ಒಂದು ಸಹಿಗೋಸ್ಕರ!" ಮೈದುನ ಸ್ಪ್ಯಾನರ್ ಎಸೆದ. "ಇನ್ಮೇಲೆ ತಪಾಸಣೆ ಬೇಡ ಅಂತ ನೀವೇ ಸಾಹೇಬರಿಗೆ ಹೇಳಿ ಅತ್ತಿಗೆ. ಗುರುವಾರದೊಳಗೆ ಹೇಳ್ಲಿಲ್ಲ ಅಂದ್ರೆ ನಾನು ಸ್ಕೂಟರ್ ಗ್ಯಾರೇಜಿಗೆ ಹೋಗ್ತೀನಿ. ಕರೀತಾನೇ ಇದಾರೆ."

"ಹೇಳ್ತೀನಿ ಕಣೋ. ಗೇಟು ತೆಗೆಸಿಕೊಟ್ಟವರು, ಹೆಂಗೆ ಹೇಳೋದು ಅಂತ..."

"ಬಾಯಲ್ಲಿ!"

ಬುಧವಾರ ಸಂಜೆ ಅವಳು ಸಾಹೇಬರ ಮನೆಗೆ ಹೋದಳು. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಆ ವಿದ್ಯೆಯೂ ಅವರೇ ಕಲಿಸಿದ್ದು. ಸಾಹೇಬರು ಊಟದ ಮೇಜಿನ ಮೇಲೆ ಮರುದಿನದ ಅಂಗಿ ಹರಡಿಕೊಂಡು, ಕಾಲರಿಗೆ ಇಸ್ತ್ರಿ ತಿಕ್ಕುತ್ತಿದ್ದರು.

"ಸಾರ್, ನಾಳೆ ತಪಾಸಣೆ ವಿಷಯ..."

"ಬರ್ತೀನಮ್ಮ, ತಪ್ಪಿಸಿದ್ದೀನಾ ಯಾವತ್ತಾದ್ರೂ?" ಎಂದು ಅವರು ಅಂಗಿ ಮಗುಚಿದರು. "ಸೊಸೆ ಹೇಳ್ತಾಳೆ, ಮಾವ, ನಿಮಗ್ಯಾಕೆ ಈ ಉಸಾಬರಿ, ಮನೇಲಿರಿ ಅಂತ. ಮನೇಲಿದ್ದು ಏನು ಮಾಡ್ಲಿ ಹೇಳು? ಈ ಗುರುವಾರ ಒಂದು ಇಲ್ದೆ ಹೋಗಿದ್ರೆ ನಂಗೆ ಇವತ್ತು ಯಾವ ವಾರ ಅಂತಾನೂ ಗೊತ್ತಾಗ್ತಿರ್ಲಿಲ್ಲ. ಹೂಂ, ನೀನೇನೋ ಹೇಳ್ತಿದ್ದೆ?"

"ಏನಿಲ್ಲ ಸಾರ್. ನಾಲ್ಕು ಗಂಟೆಗೇ ಅಲ್ವಾ ಅಂತ ಕೇಳೋಣ ಅಂತ."

ಮೈದುನ ಗುರುವಾರ ಬೆಳಿಗ್ಗೆಯೇ ಹೋದ. ಜಗಳವಾಡಲಿಲ್ಲ, ಬಾಗಿಲಲ್ಲಿ ನಿಂತು, "ಬರ್ತೀನಿ ಅತ್ತಿಗೆ, ಮನೇಲಿ ಅಣ್ಣಂಗೆ ನಾನೇ ಹೇಳ್ತೀನಿ" ಎಂದಷ್ಟೇ ಅಂದ. ಜಗಳವಾಡಿದ್ದರೇ ವಾಸಿಯಿತ್ತು, ಬೈದಾದರೂ ನಿಲ್ಲಿಸಿಕೊಳ್ಳಬಹುದಿತ್ತು.

ಆ ಸಂಜೆ ಸಹಿ ಬಿದ್ದು ಟೈಲರ್‌ನ ಅಪ್ಪನಿಗೇನೋ ಕುರ್ಚಿ ಹೋಯಿತು. ಅವರ ಹಿಂದೆ ಸರತಿಯಲ್ಲಿ ಹನ್ನೊಂದು ಮನೆಗಳಿದ್ದವು. ಗಾಲಿಯಕ್ಕ ತಾನೇ ನೆಲದ ಮೇಲೆ ಕೂತು ಸ್ಪ್ಯಾನರ್ ಹಿಡಿದಳು. ಮೈದುನ ಅರ್ಧ ದಿನದಲ್ಲಿ ಮುಗಿಸುತ್ತಿದ್ದುದಕ್ಕೆ ಅವಳಿಗೆ ಮೂರು ದಿನ ಬೇಕಾಯಿತು. ಮುಂದಿನ ಗುರುವಾರ ಷೆಡ್ಡಿನಲ್ಲಿ ಎರಡೇ ಕುರ್ಚಿ ನಿಂತಿದ್ದವು.

ಸಾಹೇಬರು ಎರಡರಲ್ಲೂ ಕೂತು ಸುತ್ತು ಹೊಡೆದು, ಸಹಿ ಹಾಕಿ, ಹುಬ್ಬು ಗಂಟಿಕ್ಕಿದರು. "ಎರಡೇನಾ? ಉಸ್ತುವಾರಿ ಸಾಲದು ಅಂತ ಕಾಣುತ್ತೆ. ಇನ್ಮೇಲೆ ಸೋಮವಾರನೂ ಬಂದುಬಿಡ್ಲಾ?"

ಗಾಲಿಯಕ್ಕ ನೆಲದಿಂದ ತಲೆಯೆತ್ತಿ ಅವರನ್ನೇ ನೋಡಿದಳು. ಕೈಯೆಲ್ಲ ಗ್ರೀಸು.

"ಬನ್ನಿ ಸಾರ್" ಎಂದಳು.